ಅಮ್ಮನನ್ನು ಕಳಿಸಬೇಡಿ

ಶ್ರೀ

ಶಿವಮೊಗ್ಗ ರೈಲ್ವೆ ಸ್ಟೇಷನ್
20 ಫೆಬ್ರವರಿ 1939

ಅತ್ತೆಯವರ ಪಾದಗಳಿಗೆ ನಿರ್ಮಲೆಯ ನಮಸ್ಕಾರಗಳು.

ನ್ಯಾಮತಿ ಬಿಟ್ಟು ಅರ್ಧ ದಿನವಾಗಿಲ್ಲ, ಆಗಲೇ ಕಾಗದ ಬರೆಯಲು ಕೂತಳು ಎಂದು ನಗಬೇಡಿ. ಬೀರೂರಿನ ರೈಲಿಗೆ ಇನ್ನೂ ಎರಡು ಗಂಟೆ ಹೊತ್ತಿದೆ. ನಿಮ್ಮ ಮಗ ಟ್ರಂಕಿಗೆ ತಲೆ ಕೊಟ್ಟು ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದಾರೆ. ನಿದ್ದೆ ಬಾರದವಳಿಗೆ ಮದ್ದು ಹುಡುಕಿಕೊಂಡು ಹೊರಟ ಪ್ರಯಾಣದಲ್ಲಿ ಮಲಗುವವರು ಅವರೊಬ್ಬರೇ.

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಗಿರಿಜೆ ನಿಮ್ಮ ಸೊಂಟದ ಮೇಲಿಂದ ಕೈ ಚಾಚುತ್ತಲೇ ಇದ್ದಳು. ಇಳಿದುಬಿಡೋಣ ಎಂದೆ. ನಿಮ್ಮ ಮಗ ಕೇಳಲಿಲ್ಲ. ಡಾಕ್ಟರು ಹೇಳಿದ ಮೇಲೆ ಮುಗಿಯಿತು ಎಂದರು. ಸಮುದ್ರದ ಗಾಳಿಯಲ್ಲಿ ಹತ್ತು ದಿನ ಇದ್ದು ಬಂದರೆ ನಿದ್ದೆ ತಾನಾಗಿ ಬರುತ್ತದೆಯಂತೆ. ಹದಿನಾಲ್ಕು ತಿಂಗಳಿಂದ ನಾನು ಒಂದು ರಾತ್ರಿಯೂ ಪೂರ್ತಿ ಮಲಗಿಲ್ಲ ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಮಗುವನ್ನು ಬಿಟ್ಟು ಹಡಗಿನಲ್ಲಿ ಸುತ್ತಾಡಲು ಹೋಗುವ ತಾಯಿ ನಮ್ಮ ಸೀಮೆಯಲ್ಲಿ ನಾನೇ ಮೊದಲಿರಬೇಕು. "ಹಡೆದೋಳು ನೀನಾದ್ರೂ ಆಡಿಸೋ ಕೈ ನಂದೂ ಐತೆ, ಹೋಗಿ ಬಾರವ್ವ" ಎಂದು ನೀವು ಅನ್ನದಿದ್ದರೆ ಹೊರಡುತ್ತಿರಲಿಲ್ಲ.

ನೀರು ಕುದಿಸಿ ಆರಿಸಿಯೇ ಕೊಡಿ. ತೊಟ್ಟಿಲಿಗೆ ಹಾಸಿರುವ ನನ್ನ ಹಳೆಯ ಹಸಿರು ಸೀರೆಯನ್ನು ದಯವಿಟ್ಟು ಒಗೆಯಬೇಡಿ. ಅದರ ವಾಸನೆಗೇ ಅವಳು ಮಲಗುವುದು. ಏನಾದರೂ ಹೆಚ್ಚುಕಡಿಮೆಯಾದರೆ ಹೊನ್ನಾಳಿಗೆ ಆಳು ಕಳಿಸಿ ತಂತಿ ಕೊಡಿಸಿ. ಮೂರು ವಾರದ ಮಾತು. ಜಗಳೂರಿನ ನಮ್ಮ ಅಮ್ಮನಿಗೂ ಬಂದು ನಿಮ್ಮ ಜೊತೆ ಇರು ಎಂದು ಬರೆದಿದ್ದೇನೆ. ಮಗುವನ್ನು ಬಿಟ್ಟು ಹೊರಟಿದ್ದಕ್ಕೆ ನನ್ನ ಮೇಲೆ ಸಿಟ್ಟಾಗಿದ್ದಾಳೆ. ಬಂದರೆ ಬಂದಳು.

ಇತಿ ನಿಮ್ಮ ಸೊಸೆ
ನಿರ್ಮಲ

*

ಶ್ರೀ

ನ್ಯಾಮತಿ
24 ಫೆಬ್ರವರಿ 1939

ಚಿ. ಸೌ. ನಿರ್ಮಲಳಿಗೆ ಕಲ್ಲಮ್ಮನ ಆಶೀರ್ವಾದಗಳು.

ಇದನ್ನು ಬರೆಯುತ್ತಿರುವವರು ನಮ್ಮ ಬೀದಿಯ ತಿಪ್ಪೇಶಪ್ಪ ಮೇಷ್ಟ್ರು. ಮೊದಲು ನಾನು ಅಂದದ್ದನ್ನೆಲ್ಲ ಪುಸ್ತಕದ ಮಾತು ಮಾಡಿ ಬರೆದಿದ್ದರು. ಓದಿಸಿ ಕೇಳಿದರೆ ಯಾರೋ ಬೇರೆ ಅತ್ತೆ ಬರೆದಂಗೆ ಐತೆ. ಹರಿದು ಹಾಕ್ರಿ, ಅಂದದ್ದು ಅಂದಂಗೇ ಬರೀರಿ ಅಂದೀನಿ. ಮುಖ ಸಿಂಡರಿಸಿಕೊಂಡು ಬರೀತಾ ಕೂತಾರೆ. ಇದನ್ನೂ ಬರೀರಿ ಅಂದೆ.

ಮಗು ಚೆನ್ನಾಗೈತೆ. ಎರಡು ದಿನ ಬಾಗಿಲ ಕಡೆ ನೋಡ್ತು, ಆಮೇಲೆ ಮರೀತು. ನೀನು ಬೇಜಾರು ಮಾಡ್ಕಬೇಡ, ಮರೆಯೋದೇ ಮಕ್ಕಳ ಪುಣ್ಯ. ಸೀರೆ ಒಗೆದಿಲ್ಲ. ಮೂಗು ಮುಚ್ಕಂಡು ಮಲಗಿಸ್ತೀನಿ.

ಜಗಳೂರಿನ ಬೀಗ್ತಿಯಿಂದ ಸುದ್ದಿ ಇಲ್ಲ. ಬಂದರೆ ಬರಲಿ, ನಮ್ಮ ಮನೆ ರೊಟ್ಟಿ ಅವರ ಹಲ್ಲಿಗೆ ಗಟ್ಟಿಯಾದರೆ ನನ್ನ ಬೈಬಾರದು ಅಷ್ಟೆ. ನಿನ್ನೆ ತೋಳಿಗೆ ದಾಕು ಚುಚ್ಚೋರು ಮತ್ತೆ ಬಂದಿದ್ದರು. ನಾನು ಚನ್ನಗಿರಿಗೆ ಮಗಳ ಮನೆಗೆ ಹೋದಾಗಲೇ ನಮ್ಮ ಸೊಸೆ ಮಗೀಗೆ ಹಾಕಿಸಿದಾಳೆ, ಬಿ.ಎ. ಓದಿದೋಳು ಅಂತ ಹೇಳಿ ಕಳಿಸಿದೆ.

ಬೊಂಬಾಯಿಯಾಗೆ ಕೈ ಬಿಟ್ಟು ನಡೀಬೇಡ. ಷಣ್ಮುಖ ಅಂಗಡಿ ಕಂಡಲ್ಲೆಲ್ಲ ನಿಂತುಬಿಡ್ತಾನೆ.

ಕಲ್ಲಮ್ಮ

*

ಶ್ರೀ

ಬೊಂಬಾಯಿ
28 ಫೆಬ್ರವರಿ 1939

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ನಿನ್ನೆ ಕೈಸೇರಿತು. ನಾವು ಹೊನ್ನಾಳಿ ಕಡೆಯ ಅಡಿಕೆ ವ್ಯಾಪಾರಿ ತಿಪ್ಪೇರುದ್ರಸ್ವಾಮಿಗಳ ಮನೆಯಲ್ಲಿ ಇಳಿದಿದ್ದೇವೆ. ಮನೆಯವರು ಒಳ್ಳೆಯವರು.

ಮರ್ಮಗೋವೆಯಲ್ಲಿ ಮೊದಲ ಸಲ ಸಮುದ್ರ ನೋಡಿದೆ. ನಿಮ್ಮ ಮಗ ಸಂಜೆವರೆಗೆ ಅದರ ಎದುರು ನಿಂತೇ ಇದ್ದರು. ನನಗೆ ಹಾಗೇನೂ ಅನ್ನಿಸಲಿಲ್ಲ. ಹೊನ್ನಾಳಿ ಹೊಳೆಗೆ ಆಚೆ ದಡವನ್ನು ಯಾರೋ ಕಿತ್ತು ಹಾಕಿದಂತೆ ಕಂಡಿತು. ಅಲ್ಲಿಂದ ಇಲ್ಲಿಗೆ ಬಂದದ್ದು ಕರಾವಳಿಯ ಸಣ್ಣ ಹಡಗು. ಇಂಜಿನ್ನಿನ ಸದ್ದು ಕೆಳಗಿನಿಂದ ಎದೆಗೆ ಗುದ್ದುತ್ತಿತ್ತು. ನಿದ್ದೆ ಬರಲಿಲ್ಲ. ಪಕ್ಕದ ಹೆಂಗಸಿನ ಮಗು ಅಳುತ್ತಿತ್ತು, ನನ್ನ ಎದೆ ಹಾಲಿಗೆ ಕುಪ್ಪಸ ನೆನೆಯಿತು. ಮಗುವಿಗೆ ಹಾಲು ಬಿಡಿಸಿ ತಿಂಗಳಾದರೂ ಹೀಗಾಗುತ್ತದೆಯೇ ಅತ್ತೆ?

ಆರನೇ ತಾರೀಕು ದೊಡ್ಡ ಹಡಗಿನಲ್ಲಿ ಕೊಲಂಬೊಗೆ ಹೊರಡುತ್ತೇವೆ, ನಾಲ್ಕು ದಿನದ ದಾರಿ. ಡಾಕ್ಟರು ಹೇಳಿದ ಗಾಳಿ ಅಲ್ಲಿ ಸಿಗುತ್ತದೆ ಎನ್ನುತ್ತಾರೆ ಇವರು. ಈಗಲೇ ತಿರುಗಿ ಹೋಗೋಣ ಎಂದು ದಿನಕ್ಕೊಮ್ಮೆ ಕೇಳುತ್ತೇನೆ.

ದಾಕಿನವರ ವಿಷಯ ಬರೆದಿದ್ದೀರಿ. ಅವರು ಇನ್ನೊಮ್ಮೆ ಬಂದರೆ ಗಿರಿಜೆಗೆ ಹಾಕಿಸಿಬಿಡಿ. ಎರಡು ಸಲ ಹಾಕಿಸಿದರೆ ಇನ್ನೂ ಗಟ್ಟಿ ಎಂದು ಎಲ್ಲೋ ಓದಿದ ನೆನಪು. ಮರೆಯಬೇಡಿ.

ನಿರ್ಮಲ

*

ಶ್ರೀ

ನ್ಯಾಮತಿ
1 ಮಾರ್ಚ್ 1939
(ಕಾರ್ಡು)

ಚಿ. ಸೌ. ನಿರ್ಮಲಳಿಗೆ ಆಶೀರ್ವಾದ.

ನಿನ್ನೆ ಮಂಗಳವಾರ ಸಂಜೆ ಅಮ್ಮ ನಮ್ಮ ಮನೆಗೆ ಬಂದಾಳೆ. ಗಾಬರಿ ಆಗಬೇಡ. ಶಾಂತವಾಗಿ ಅದಾಳೆ, ಸಿಟ್ಟು ಮಾಡಿಲ್ಲ. ಮಗು ಅಮ್ಮನ ಮಡಿಲಾಗೇ ಐತೆ, ಬೇರೆ ಯಾರ ಕೈಗೂ ಬರಾಕಿಲ್ಲ. ಒಗ್ಗರಣೆ ನಿಲ್ಲಿಸೀನಿ, ಎಲ್ಲರಿಗೂ ಮೊಸರನ್ನ, ಮಜ್ಜಿಗೆ, ತಂಪಿನ ಊಟ. ಅಮ್ಮ ಇರೋವರೆಗೂ ನಾನು ಹೊಸಿಲು ದಾಟಾಕಿಲ್ಲ. ಹೆಚ್ಚು ಬರೆಸಬಾರದು. ನೀವು ತಿರುಗಿ ಬರೋದು ಬಿಡೋದು ಯೋಚನೆ ಮಾಡಿ ಬರೀರಿ.

ಕಲ್ಲಮ್ಮ

*

ಶ್ರೀ

ಬೊಂಬಾಯಿ
5 ಮಾರ್ಚ್ 1939

ಅತ್ತೆಯವರಿಗೆ ಸಾವಿರ ನಮಸ್ಕಾರಗಳು.

ನಿಮ್ಮ ಕಾರ್ಡು ಈಗ ಬಂತು. ಓದಿ ಕಣ್ಣಲ್ಲಿ ನೀರು ಬಂತು. ಅಮ್ಮ ಬಂದಳೆಂಬ ಒಂದು ಮಾತಿಗಾಗಿ ಎಷ್ಟು ದಿನದಿಂದ ಕಾಯುತ್ತಿದ್ದೆ! ಸಿಟ್ಟು ಮಾಡಿಲ್ಲ ಎಂದು ಬರೆದಿರಲ್ಲ, ಅದನ್ನಂತೂ ಮೂರು ಸಲ ಓದಿದೆ. ನಾನು ಹೀಗೆ ಹೊರಟು ಬಂದಿದ್ದಕ್ಕೆ ಅವಳು ನನ್ನನ್ನು ಕ್ಷಮಿಸುವುದಿಲ್ಲ ಎಂದುಕೊಂಡಿದ್ದೆ. ನೀವು ಒಗ್ಗರಣೆ ನಿಲ್ಲಿಸಿದ್ದು ಒಳ್ಳೆಯದಾಯಿತು. ಅಮ್ಮನಿಗೆ ಉರಿ ಹೆಚ್ಚು, ತಂಪೇ ಆಗಬೇಕು. ಅದನ್ನೆಲ್ಲ ನೆನಪಿಟ್ಟುಕೊಂಡು ಮಾಡುತ್ತಿದ್ದೀರಿ. ನಿಮ್ಮ ಋಣ ಹೇಗೆ ತೀರಿಸಲಿ?

ಒಂದೇ ಒಂದು ಬೇಡಿಕೆ. ನಾನು ಬರುವವರೆಗೂ ಅಮ್ಮನನ್ನು ಕಳಿಸಬೇಡಿ. ಯಾರು ಏನೇ ಹೇಳಲಿ, ಕಳಿಸಬೇಡಿ. ನಾನೇ ಬಂದು ಕೈಯಾರೆ ಉಡಿ ತುಂಬಿ ಕಳಿಸುತ್ತೇನೆ. ಮಗು ಅವಳ ಮಡಿಲಲ್ಲೇ ಇರಲಿ.

ತಿರುಗಿ ಬರುವ ಮಾತು ಏಕೆ? ಅಮ್ಮ ಬಂದ ಮೇಲೆ ನನಗಿನ್ನು ಭಯವಿಲ್ಲ. ದಿನವೂ ತಿರುಗಿ ಹೋಗೋಣ ಎನ್ನುತ್ತಿದ್ದವಳು ಇವತ್ತು ನಾನೇ ಸಾಮಾನು ಕಟ್ಟಿದೆ. ಇವರಿಗೆ ಆಶ್ಚರ್ಯ.

ಬೆಳಗ್ಗೆ ಹಡಗಿನವರ ಡಾಕ್ಟರು ಎಲ್ಲರ ತೋಳು ನೋಡಿದರು. ನನ್ನ ದಾಕಿನ ಕಲೆ ಮುಟ್ಟಿ, ಊರಿನಲ್ಲಿ, ಮನೆಯಲ್ಲಿ ಎಲ್ಲಾದರೂ ಸಿಡುಬು ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಚೀಟಿಗೆ ಠಸ್ಸೆ ಒತ್ತಿ ಕೊಟ್ಟರು.

ಮುಂದಿನ ಕಾಗದ ಕೊಲಂಬೊಗೆ ಬರೆಯಿರಿ. ವಿಳಾಸ ಹಿಂದುಗಡೆ ಇದೆ.

ನಿರ್ಮಲ

*

ಶ್ರೀ

ನ್ಯಾಮತಿ
9 ಮಾರ್ಚ್ 1939

ನಿರ್ಮಲಳಿಗೆ ಕಲ್ಲಮ್ಮ ತಿಳಿಸುವುದು.

ನಿನ್ನ ಕಾಗದ ನಿನ್ನೆ ಸರಿಯಾದ ಹೊತ್ತಿಗೆ ಬಂತು. ನಿನ್ನೆ ಒಂಬತ್ತನೇ ದಿನ. ಬೀದಿಯ ಹೆಂಗಸರೆಲ್ಲ ಮೊರ, ಬೇವಿನ ಸೊಪ್ಪು, ಮೊಸರನ್ನ ತಗಂಡು ಬಂದು ಕೂತಿದ್ದರು. ಮಗೀಗೆ ನೀರು ಹಾಕಿ ಅಮ್ಮನ್ನ ಊರ ಗಡಿ ದಾಟಿಸಿ ಬರಾಕೆ ಸಾಸ್ವೆಹಳ್ಳಿ ಗಾದ್ರಮ್ಮನ್ನೂ ಕರೆಸಿದ್ದೆ. ಅಷ್ಟರಾಗೆ ಟಪಾಲು. ಮೇಷ್ಟ್ರು ಬಾಗಿಲಾಚೆ ನಿಂತು ಓದಿದರು. ಕಳಿಸಬೇಡಿ, ಯಾರು ಏನೇ ಹೇಳಲಿ ಕಳಿಸಬೇಡಿ ಅಂತ ಬರೆದಿದ್ದಿ. ನಾನೇ ಬಂದು ಉಡಿ ತುಂಬ್ತೀನಿ ಅಂದಿದ್ದಿ. ಗಾದ್ರಮ್ಮ ನನ್ನ ಮುಖ ನೋಡಿದಳು. ಹಡೆದೋಳ ಮಾತು, ನಾನು ಮೀರಾಕಿಲ್ಲ ಅಂದೆ. ಮೊರ ತಗಂಡು ತಿರುಗಿ ಹೋದರು.

ಓದಿದೋಳಿಗೆ ಇವೆಲ್ಲ ಗೊತ್ತಿಲ್ಲ ಅಂದ್ಕಂಡಿದ್ದೆ. ಉರಿ ಹೆಚ್ಚು, ತಂಪು ಆಗಬೇಕು ಅಂತ ನೀನೇ ಬರೆದದ್ದು ಕೇಳಿ ನನಗೇ ನಾಚಿಕೆಯಾತು.

ಮೇಷ್ಟ್ರು ನಿನ್ನ ಕಾಗದ ಎರಡು ಸಲ ಓದಿ, "ಕಲ್ಲಮ್ಮಾರೆ, ಇದರಾಗೆ ಏನೋ ಹೆಚ್ಚುಕಡಿಮೆ ಐತೆ, ಹೊನ್ನಾಳಿಗೆ ಹೋಗಿ ತಂತಿ ಕೊಟ್ಟು ಬರ್ತೀನಿ" ಅಂದರು. ಎಲ್ಲಾ ತಿಳಿದೇ ಇಷ್ಟು ಧೈರ್ಯವಾಗಿ ಬರೆದಾಳೆ, ಮ್ಯಾಲೆ ತಂತಿ ಕೊಟ್ಟು ಹೆದರಿಸೋದು ಯಾಕೆ ಅಂತ ನಾನೇ ತಡೆದೆ. ಡಾಕ್ಟರು ಕೇಳಿದರೆ ಮನೆಯಾಗೆ ಇಲ್ಲ ಅಂದೆ ಅಂತ ಬರೆದಿದ್ದೀಯ. ಹಡಗು ಹತ್ತಿಸಾಕಿಲ್ಲ ಅಂತ ಹಂಗಂದೆಯೇನೋ. ನಾನು ಕೇಳಾಕಿಲ್ಲ.

ಒಂದು ಮಾತು ಮಾತ್ರ ಕೇಳಬೇಕು. ಮಗೀನ ತೋಳು ನೋಡಿದೆ. ಎರಡು ತೋಳೂ ನೋಡಿದೆ. ದಾಕಿನ ಕಲೆ ಇಲ್ಲ.

ಮುಖದ ಮ್ಯಾಲೆ ಹೆಚ್ಚಾಗೈತೆ. ಮೊನ್ನೆಯಿಂದ ಕಣ್ಣು ಬಿಟ್ಟಿಲ್ಲ. ನೀನು ಬರೋದು ಯಾವಾಗ?

ಕಲ್ಲಮ್ಮ

*

ಶ್ರೀ

ಕೊಲಂಬೊ
10 ಮಾರ್ಚ್ 1939

ಅತ್ತೆಯವರಿಗೆ ನಮಸ್ಕಾರಗಳು.

ಇದನ್ನು ಓದಿಸಿ ಕೇಳಿದರೆ ನಗುತ್ತೀರಿ. ನನಗೆ ನಿದ್ದೆ ಬಂತು.

ಹಡಗು ಬೊಂಬಾಯಿ ಬಿಟ್ಟ ಮೊದಲ ರಾತ್ರಿ ಇವರು ಮೇಲುಗಡೆ ತಿರುಗಾಡಿ ಬರುವಷ್ಟರಲ್ಲಿ ಮಲಗಿಬಿಟ್ಟಿದ್ದೆನಂತೆ. ಎದ್ದಾಗ ಬಿಸಿಲು ಗೋಡೆಯ ದುಂಡು ಕಿಟಕಿಯಿಂದ ಮಂಚದ ಮೇಲೆ ಬಿದ್ದಿತ್ತು. ಎಲ್ಲಿದ್ದೇನೆ ಎಂದೂ ತಿಳಿಯಲಿಲ್ಲ, ಮಗುವೂ ನೆನಪಾಗಲಿಲ್ಲ. ಆ ಒಂದು ಗಳಿಗೆ ನನಗೆ ಮಗುವೇ ಇರಲಿಲ್ಲ. ಬರೆಯಬಾರದ ಮಾತು, ಆದರೆ ನಿಮ್ಮಲ್ಲಿ ಮುಚ್ಚಿಡಲಾರೆ. ನಾಲ್ಕು ರಾತ್ರಿಯೂ ಹಾಗೆಯೇ ಮಲಗಿದೆ. ಊಟದ ಮನೆಯಲ್ಲಿ ಒಬ್ಬ ದೊರೆಸಾನಿ ನನ್ನನ್ನು ನೋಡಿ, ಮೊದಲ ದಿನಕ್ಕಿಂತ ಚಿಕ್ಕವಳಾಗಿ ಕಾಣುತ್ತೀಯೆ ಎಂದಳು.

ಇವರು ಎಲ್ಲ ಗಾಳಿಯ ಮಹಿಮೆ ಎನ್ನುತ್ತಾರೆ. ಅಲ್ಲ. ಅಲ್ಲಿ ಅಮ್ಮ ಇದ್ದಾಳೆ, ಅದಕ್ಕೆ ನಿದ್ದೆ ಬಂತು.

ಗಿರಿಜೆಗೆ ಕಪ್ಪೆಚಿಪ್ಪಿನ ಗಿಲಕಿ ತೆಗೆದುಕೊಂಡಿದ್ದೇನೆ. ನಿಮ್ಮ ಕಾಗದಕ್ಕೆ ದಿನವೂ ಟಪಾಲು ಕಚೇರಿಗೆ ಹೋಗಿ ಬರುತ್ತೇವೆ.

ನಿರ್ಮಲ

*

ರೈಲಿನಲ್ಲಿ, ಕೊಲಂಬೊ ಬಿಟ್ಟ ಮೇಲೆ
13 ಮಾರ್ಚ್ 1939

ಅತ್ತೆ,

ಈ ಕಾಗದ ನನ್ನ ಜೊತೆಯಲ್ಲೇ ಬರುತ್ತದೆ. ಟಪಾಲಿಗೆ ಹಾಕಿದರೂ ನನಗಿಂತ ಮೊದಲು ತಲುಪದು. ಆದರೂ ಬರೆಯುತ್ತೇನೆ. ಇದರಲ್ಲಿರುವುದನ್ನು ನಿಮ್ಮ ಎದುರು ನಿಂತು ಹೇಳುವ ಬಾಯಿ ನನಗಿಲ್ಲ.

ಬೆಳಗ್ಗೆ ಎರಡು ಕಾಗದ ಒಟ್ಟಿಗೆ ಕೊಟ್ಟರು. ಒಂದು ಬೊಂಬಾಯಿಯಿಂದ ತಿರುಗಿಸಿ ಕಳಿಸಿದ್ದು, ಮೇಲೆ ಜಗಳೂರಿನ ನಾಲ್ಕನೇ ತಾರೀಕಿನ ಠಸ್ಸೆ, ನಮ್ಮ ಅಮ್ಮನ ಅಕ್ಷರ. ನ್ಯಾಮತಿಯಲ್ಲಿರುವವಳು ಜಗಳೂರಿನಿಂದ ಹೇಗೆ ಬರೆದಳು ಎಂದು ನಗುತ್ತಲೇ ಒಡೆದೆ. ಮೊಣಕಾಲು ಊದಿ ಶಿವರಾತ್ರಿಯಿಂದ ಹೊಸಿಲು ದಾಟಿಲ್ಲ, ಯುಗಾದಿ ಹೊತ್ತಿಗೆ ನ್ಯಾಮತಿಗೆ ಹೋಗಿ ಮಗುವನ್ನು ನೋಡಿಕೊಂಡು ಬರುತ್ತೇನೆ ಎಂದಿತ್ತು.

ಹಾಗಾದರೆ ನಮ್ಮ ಮನೆಗೆ ಬಂದ ಅಮ್ಮ ಯಾರು?

ನಿಮ್ಮ ಕಾಗದ ಒಡೆಯುವ ಮೊದಲೇ ತಿಳಿಯಿತು. ತಿಳಿಯದ ಮಾತೇ ಅದು? ಜಗಳೂರಿನಲ್ಲಿ ಪ್ರತಿ ಬೇಸಗೆಯಲ್ಲೂ ಸಿಡುಬಿನ ಹೊತ್ತಿಗೆ ಕೇಳಿ ಬೆಳೆದದ್ದು. ಅಮ್ಮ ಬಂದಾಳೆ, ಆ ಬೀದಿಗೆ ಹೋಗಬೇಡ ಎಂದು ನನ್ನ ಕೈ ಹಿಡಿದು ಎಳೆದವರೆಷ್ಟು ಜನ. ನನಗೆ ಬೇಕಾದ ಅಮ್ಮನನ್ನು ಆ ಕಾರ್ಡಿನಲ್ಲಿ ಓದಿಕೊಂಡೆ. ಓದಿಕೊಂಡು ಮಲಗಿದೆ.

ಇವರು ಕಾರ್ಡು ಕೇಳಿದರು. ಕೊಟ್ಟೆ. ಬೀದಿಯಲ್ಲಿ ನಿಂತೇ ಓದಿದರು.

"ಇದನ್ನ ನನಗೆ ಯಾಕೆ ತೋರಿಸಲಿಲ್ಲ?"

"ನಮ್ಮಮ್ಮ ಬಂದಿದ್ದಾಳೆ ಅಂತ ಹೇಳಿದೆನಲ್ಲ."

"ನಮ್ಮವ್ವ ನಿಮ್ಮವ್ವನ್ನ ಯಾವತ್ತು ಅಮ್ಮ ಅಂದಾಳೆ, ನಿರ್ಮಲಾ? ಬೀಗ್ತಿ ಅಂತಾಳೆ."

ಹಾಗೇ ತಿರುಗಿ ಟಪಾಲು ಕಚೇರಿಗೆ ಹೋದರು. ತಂತಿ ಕೊಟ್ಟರು. ಹೊನ್ನಾಳಿಯಿಂದ ಆಳು ನಡೆದು ಹೋಗಿ ಉತ್ತರ ತರಬೇಕು, ಕಾಯುವಷ್ಟು ಹೊತ್ತಿರಲಿಲ್ಲ. ಆ ಐದನೇ ತಾರೀಕೇ ಬೊಂಬಾಯಿಯಿಂದ ರೈಲು ಹತ್ತಿದ್ದರೆ ಏಳಕ್ಕೆ ನ್ಯಾಮತಿಯಲ್ಲಿರುತ್ತಿದ್ದೆ.

ಈಗ ಬರೆಯಬೇಕಾದದ್ದು. ಜನವರಿಯಲ್ಲಿ ನೀವು ಚನ್ನಗಿರಿಯಲ್ಲಿದ್ದಾಗ ದಾಕಿನವರು ಬಂದಿದ್ದು ನಿಜ. ಗಿರಿಜೆ ಎರಡು ದಿನ ಅತ್ತು ಅತ್ತು ಆಗಷ್ಟೇ ನನ್ನ ತೊಡೆಯ ಮೇಲೆ ಮಲಗಿದ್ದಳು. ನನ್ನ ಕಣ್ಣೂ ಎಳೆಯುತ್ತಿತ್ತು. ಚುಚ್ಚಿದರೆ ಎಚ್ಚರವಾಗುತ್ತದೆ, ಆಮೇಲೆ ಜ್ವರ, ಮತ್ತೆ ವಾರವಿಡೀ ಜಾಗರಣೆ. ಎದ್ದು ಹೋಗಿ ಬಾಗಿಲ ಸಂದಿಯಿಂದ, ನಮ್ಮ ಮಗುವಿಗೆ ಹಾಕಿಸಿ ಆಗಿದೆ ಎಂದೆ. ಬಿ.ಎ. ಓದಿದವಳ ಮಾತು, ನಂಬಿ ಬರೆದುಕೊಂಡು ಹೋದರು. ಅರ್ಧ ಗಂಟೆ ನಿದ್ದೆಯ ಆಸೆಗೆ ಹಾಗೆಂದೆ. ಆ ನಿದ್ದೆಯೂ ಬರಲಿಲ್ಲ. ನಿಮಗೂ ಅದೇ ಸುಳ್ಳು ಹೇಳಿದೆ. ಬೊಂಬಾಯಿಯಿಂದ ನಿಜ ಬರೆಯಲು ಹೊರಟು, ಎರಡು ಸಲ ಹಾಕಿಸಿದರೆ ಗಟ್ಟಿ ಎಂದು ಬರೆದೆ.

ಇವರಿಗೆ ಇನ್ನೂ ಹೇಳಿಲ್ಲ; ನಿಮ್ಮ ಕಾಗದ ಓದಿ ಹೇಳುವಾಗ ತೋಳಿನ ಸಾಲು ಬಿಟ್ಟೆ. ಎದುರಿಗೇ ಕೂತಿದ್ದಾರೆ. ಕಣ್ಣು ಮುಚ್ಚಿಲ್ಲ.

ಅಮ್ಮನನ್ನು ಕಳಿಸಿಬಿಡಿ ಅತ್ತೆ. ನಾನು ಬರುವವರೆಗೆ ಕಾಯಬೇಡಿ. ಗಾದ್ರಮ್ಮನನ್ನು ಕರೆಸಿ ಇವತ್ತೇ ಕಳಿಸಿ. ಈ ಒಂದು ಮಾತು ಮೊದಲು ತಲುಪಬೇಕಾಗಿತ್ತು.

ನಿರ್ಮಲ

*

ನ್ಯಾಮತಿ
16 ಮಾರ್ಚ್ 1939
(ಶಿವಮೊಗ್ಗದ ಬಸ್ ಏಜೆಂಟರ ಬಳಿ ಇಟ್ಟು, ಷಣ್ಮುಖಪ್ಪನವರ ಮನೆಯವರ ಕೈಗೇ ಕೊಡುವುದು)

ನಿರ್ಮಲಾ,

ಮೇಲೆ ಶ್ರೀ ಇಲ್ಲದ್ದು ನೋಡಿಯೇ ನಿನಗೆ ತಿಳಿದಿರ್ತದೆ. ಬಸ್ಸಿನಾಗೆ ಯಾರ ಬಾಯಿಂದಲೋ ಕೇಳಬಾರದು ಅಂತ ಮೇಷ್ಟ್ರು ಕೈಯಾಗೆ ಬರೆಸಿ ಕಳಿಸೀನಿ.

ಭಾನುವಾರ ಮಧ್ಯಾಹ್ನ ಅಮ್ಮ ಹೊರಟಳು. ಒಬ್ಬಳೇ ಹೋಗಲಿಲ್ಲ.

ನಿಮ್ಮ ತಂತಿ ಮಂಗಳವಾರ ಬಂತು, ಮಗು ಹೇಗಿದೆ ಅಂತ. ಏನಂತ ಉತ್ತರ ಕೊಡಲಿ? ಕೊಡಲಿಲ್ಲ. ಮೇಷ್ಟ್ರು ಜಗಳೂರಿಗೆ ಸುದ್ದಿ ಮುಟ್ಟಿಸಿದ್ದರು. ಬೀಗ್ತಿ ನಿನ್ನೆ ಬಂದರು, ಕಾಲು ಎಳ್ಕಂಡೇ ಬಂದರು. ಅವರ ಕೈಗೆ, ಕಳಿಸಬೇಡಿ ಅಂದಿದ್ದ ನಿನ್ನ ಕಾಗದ ಕೊಟ್ಟೆ. ಓದಿ, "ಕಲ್ಲಮ್ಮ, ಇದು ನನ್ನ ವಿಷಯ ಬರೆದಿರೋದು" ಅಂದರು. ಆಗ ನನಗೆ ಅರ್ಥ ಆತು. ನೀನು ಇಟ್ಕ ಅಂದಿದ್ದು ಅವರನ್ನ. ನಾನು ಇಟ್ಕಂಡಿದ್ದು ಇನ್ನೊಬ್ಬಳನ್ನ.

ಒಂಬತ್ತನೇ ದಿನ ಕಳಿಸಿದ್ದರೆ ಮಗು ಉಳೀತಿತ್ತು ಅಂತ ಗಾದ್ರಮ್ಮ ಅಂತಾಳೆ. ಹಂಗೇನಿಲ್ಲ, ಆಗಲೇ ಕೈ ಮೀರಿತ್ತು ಅಂತ ಮೇಷ್ಟ್ರು ಅಂತಾರೆ. ಯಾರ ಮಾತು ನಂಬಲಿ? ಕಾರ್ಡಿನಾಗೆ ರೋಗದ ಹೆಸರೇ ಬರೀತೀನಿ ಅಂತ ಮೇಷ್ಟ್ರು ಆವತ್ತೇ ಅಂದಿದ್ದರು. ಹೆಸರು ಹಿಡಿದರೆ ಸಿಟ್ಟಾಗ್ತಾಳೆ ಅಂತ ಕೈ ಹಿಡಿದೋಳು ನಾನು. ಹೆಸರು ಹಿಡೀಲಿಲ್ಲ. ಏನಾತು?

ಮಲಗಿದೆ ಅಂತ ನೀನು ಬರೆದ ಕಾಗದವೂ ನಿನ್ನೆಯೇ ಬಂತು. ಮೇಷ್ಟ್ರು ಅರ್ಧಕ್ಕೆ ನಿಲ್ಲಿಸಿದರು. ಪೂರ್ತಿ ಓದ್ರಿ ಅಂದೆ. ಯಾರೋ ಒಬ್ಬರಾದರೂ ಮಲಗಿದರಲ್ಲ.

ತೋಳು ನೋಡಿದ್ದು ನಾನು, ಗಾದ್ರಮ್ಮ ಇಬ್ಬರೇ. ಆಕೆ ಬಾಯಿ ಬಿಡಾಕಿಲ್ಲ. ಮೇಷ್ಟ್ರಿಗೆ ಬರೆಯೋವಾಗ ತಿಳೀತು, ಅವರೂ ಬಿಡಾಕಿಲ್ಲ. ಷಣ್ಮುಖನಿಗೆ ಹೇಳೋದು ಬಿಡೋದು ನಿನಗೆ ಸೇರಿದ್ದು. ನಾನು ಕೇಳಾಕಿಲ್ಲ.

ಮಗೀನ ಬಟ್ಟೆ, ಹಾಸಿಗೆ, ತೊಟ್ಟಿಲು ಎಲ್ಲ ಸುಡಬೇಕು ಅಂತ ಸರ್ಕಾರದೋರು ಬಂದು ನಿಂತು ಸುಡಿಸಿದರು. ನಿನ್ನ ಹಸಿರು ಸೀರೆ ಅವರ ಕೈಗೆ ಸಿಗಲಿಲ್ಲ. ಒಗೀಬೇಡಿ ಅಂದಿದ್ದಿ, ಒಗೀಲಿಲ್ಲ. ಅದರಾಗೇ ಸುತ್ತಿ ಕಳಿಸಿದ್ವಿ.

ಕಲ್ಲಮ್ಮ